ಇಳಿಜಾರು ಸೂರಿನಡಿ ಮಕ್ಕಳ ಕೋಣೆ: ಫೆಂಗ್‌ಶುಯಿ ಏನನ್ನುತ್ತದೆ?

ಮೇಲಿನ ಮಹಡಿಗೆ ಇಳಿಜಾರಾಗಿ ಕಾಂಕ್ರೀಟು ಹಾಕಿ, ಅದರ ಮೇಲೆ ಕೆಂಪು ಹೆಂಚು ಹೊದಿಸುವುದು ಈಗ ನಗರಗಳಲ್ಲೂ ಸಾಮಾನ್ಯ. ಹೊರಗಿನಿಂದ ನೋಡಲು ಚೆಂದ. ಒಳಗೆ ಮಾತ್ರ ಕೋಣೆ ಒಂದು ಕಡೆ 11 ಅಡಿ ಎತ್ತರವಿದ್ದರೆ ಇನ್ನೊಂದು ಕಡೆ 6 ಅಡಿಯೂ ಇರುವುದಿಲ್ಲ. ದೊಡ್ಡವರ ತಲೆಗೆ ತಗಲುತ್ತದೆ ಎಂಬ ಕಾರಣಕ್ಕೆ ಆ ಕೋಣೆ ಹೆಚ್ಚಾಗಿ ಮಕ್ಕಳ ಪಾಲಿಗೆ ಬರುತ್ತದೆ. ಕೆಲವು ತಿಂಗಳಲ್ಲಿ ದೂರು ಶುರು: ಮಗುವಿಗೆ ಸರಿಯಾಗಿ ನಿದ್ದೆ ಹತ್ತುವುದಿಲ್ಲ, ಓದಲು ಕೂತರೆ ಹತ್ತು ನಿಮಿಷಕ್ಕೆ ಎದ್ದು ಬರುತ್ತದೆ. ಬಂದ ನೆಂಟರಲ್ಲಿ ಒಬ್ಬರು ‘ಫೆಂಗ್‌ಶುಯಿ ದೋಷ’ ಎನ್ನುತ್ತಾರೆ. ಅಲ್ಲಿಂದ ಹರಳು, ಕೊಳಲು, ವಿಂಡ್ ಚೈಮ್‌ಗಳ ಖರೀದಿ.

ಖರೀದಿಗೆ ಮೊದಲು ಆ ಶಾಸ್ತ್ರ ನಿಜಕ್ಕೂ ಏನು ಹೇಳುತ್ತದೆ ಎಂದು ನೋಡೋಣ. ಚೀನೀ ಭಾಷೆಯಲ್ಲಿ ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ಹಿರಿಯರ ಸಮಾಧಿಗೆ ಒಳ್ಳೆಯ ಜಾಗ ಹುಡುಕುವುದು ಈ ವಿದ್ಯೆಯ ಹಳೆಯ ಉದ್ದೇಶಗಳಲ್ಲಿ ಒಂದು. ಮನೆಯೊಳಗಿನ ಮಂಚ, ಮೇಜುಗಳ ಬಗ್ಗೆ ಇಷ್ಟೊಂದು ಮಾತು ಬಂದದ್ದು ಆಮೇಲೆ. ‘ಚಿ’ ಎಂಬ ಪ್ರಾಣಶಕ್ತಿ ಎಲ್ಲೂ ತಡೆಯಿಲ್ಲದೆ, ನುಗ್ಗದೆ, ನಿಧಾನವಾಗಿ ಹರಿಯಬೇಕು ಎಂಬುದು ಅದರ ತಿರುಳು. ಸೂರು ಇಳಿಜಾರಾದರೆ ಚಿ ತಗ್ಗಿನ ಕಡೆಗೆ ಜಾರಿ ಅಲ್ಲಿ ಒತ್ತಿಕೊಳ್ಳುತ್ತದೆ. ಅದರಡಿ ಮಲಗಿದವರ, ಕೂತವರ ಮೇಲೆ ಭಾರ ಬೀಳುತ್ತದೆ ಎನ್ನುತ್ತಾರೆ. ತಲೆಯ ಮೇಲೆ ಅಡ್ಡ ತೊಲೆ ಬರಬಾರದು ಎಂಬುದಕ್ಕೂ ಇದೇ ಕಾರಣ ಕೊಡುತ್ತಾರೆ.

ಆದರೆ ಒಂದು ಮಾತು. ಬೀಜಿಂಗ್‌ನ ಹಳೆಯ ಅಂಗಳದ ಮನೆಗಳಿಗೂ ಇಳಿಜಾರು ಹೆಂಚಿನ ಸೂರೇ ಇತ್ತು. ಹಾಗಾಗಿ ಇಳಿಜಾರೇ ದೋಷ ಎನ್ನಲು ಬರುವುದಿಲ್ಲ. ಎತ್ತರದ ಭಾಗ ಯಾರಿಗೆ, ತಗ್ಗಿನ ಭಾಗ ಯಾವುದಕ್ಕೆ ಎಂಬುದೇ ಪ್ರಶ್ನೆ. ನಮ್ಮ ಮಲೆನಾಡಿನವರಿಗೆ ಇದು ಗೊತ್ತಿಲ್ಲದ್ದೇನಲ್ಲ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾಗುವ ಮೊದಲೂ ಅಲ್ಲಿನ ಸೋಗೆ, ಹುಲ್ಲಿನ ಮನೆಗಳ ಮಾಡು ಇಳಿಜಾರೇ ಇತ್ತು. ಆ ಮಳೆಗೆ ಬೇರೆ ದಾರಿಯಿಲ್ಲ. ಸೂರಿಗೆ ತಾಗಿದ ಅಟ್ಟದಲ್ಲಿ ಅಡಿಕೆ, ತೆಂಗಿನಕಾಯಿ, ವರ್ಷಕ್ಕೊಮ್ಮೆ ಇಳಿಸುವ ತಾಮ್ರದ ಹಂಡೆ ಇರುತ್ತಿದ್ದವು. ಈಗ ನಾವು ಮಗುವನ್ನು ಅಟ್ಟಕ್ಕೆ ಏರಿಸಿದ್ದೇವೆ, ಅಷ್ಟೆ.

ಮಂಚ, ಮೇಜು ಎಲ್ಲಿ?

ಮಂಚದ ತಲೆಭಾಗ ಕೋಣೆಯ ಎತ್ತರದ ಗೋಡೆಗೆ ಇರಲಿ. ಕಾಲು ತಗ್ಗಿನ ಕಡೆಗೆ ಬಂದರೆ ತೊಂದರೆಯಿಲ್ಲ. ತಲೆದಿಂಬಿನ ಹಿಂದೆ ಗಟ್ಟಿಯಾದ ಹಲಗೆ ಇರಬೇಕು, ಮಲಗಿದಲ್ಲಿಂದ ಬಾಗಿಲು ಕಾಣಬೇಕು, ಆದರೆ ಮಂಚ ಬಾಗಿಲಿಗೆ ನೇರ ಇರಬಾರದು ಎಂದೂ ಫೆಂಗ್‌ಶುಯಿ ಸೇರಿಸುತ್ತದೆ. ಚಿಯನ್ನು ನಂಬದವರಿಗೂ ಇದು ಒಪ್ಪುವ ಮಾತು. ನಿದ್ದೆಗಣ್ಣಲ್ಲಿ ಎದ್ದು ಕೂತ ಮಗುವಿನ ಹಣೆ ಸೂರಿಗೆ ಬಡಿಯುವುದಿಲ್ಲ, ಯಾರು ಒಳಗೆ ಬಂದರೆಂದು ಅದಕ್ಕೆ ಕಾಣುತ್ತದೆ.

ಓದುವ ಮೇಜಿನದೂ ಹೀಗೆಯೇ. ಇಳಿಜಾರಿಗೆ ಮುಖ ಮಾಡಿ ಕೂತರೆ ಬೆಳೆಯುವ ಹುಡುಗ ವರ್ಷ ವರ್ಷಕ್ಕೂ ಹೆಚ್ಚು ಬಗ್ಗುತ್ತಾನೆ. ತಗ್ಗಿನ ಬದಿಗೆ ಆಟಿಕೆ ಪೆಟ್ಟಿಗೆ, ಗಿಡ್ಡ ಪುಸ್ತಕದ ಕಪಾಟು, ಹಾಸಿಗೆ ಬಟ್ಟೆಯ ಡ್ರಾಯರ್ ಹಾಕಿಬಿಡಿ. ಸಣ್ಣ ಮಕ್ಕಳಿಗೆ ಆ ಮೂಲೆ ಗುಹೆಯಂತೆ ಇಷ್ಟವಾಗುತ್ತದೆ, ಆಡಲಿ ಬಿಡಿ.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಇಳಿಜಾರು ಸೂರಿನ ವಾಸದ ಕೋಣೆಗೆ ಸರಾಸರಿ 2.75 ಮೀಟರ್, ಅಂದರೆ ಸುಮಾರು 9 ಅಡಿ ಎತ್ತರ ಬೇಕು. ತೊಲೆ ಅಥವಾ ಸೂರಂಚಿನ ಕೆಳಗೂ 2.4 ಮೀಟರ್ ಬಿಡಬೇಕು. ಟೇಪು ಹಿಡಿದು ಅಳೆದರೆ ಎಷ್ಟೋ ಮನೆಗಳಲ್ಲಿ ದೋಷ ಅಲ್ಲೇ ಸಿಕ್ಕೀತು!

ಬೆಳಕಿನ ವಿಷಯದಲ್ಲಿ ಫೆಂಗ್‌ಶುಯಿಯವರ ಸಲಹೆ ಬಹಳ ಸರಳ: ತಗ್ಗಿನ ಮೂಲೆಯಲ್ಲಿ ಮೇಲ್ಮುಖವಾಗಿ ಬೆಳಗುವ ದೀಪ ಇಡಿ, ಸೂರು ‘ಮೇಲೇಳುತ್ತದೆ’. ಕಣ್ಣಿಗೆ ಹಾಗೆ ಕಾಣುವುದಂತೂ ನಿಜ. ಗೋಡೆಗೂ ಸೂರಿಗೂ ಒಂದೇ ತಿಳಿಬಣ್ಣ ಬಳಿದರೆ ಎರಡೂ ಸೇರುವ ಗೆರೆ ಮಾಸಿ ಕೋಣೆ ದೊಡ್ಡದೆನಿಸುತ್ತದೆ. ಕಡು ಬಣ್ಣದ ಮರದ ಮುಚ್ಚಿಗೆ ಇಂಥ ಕೋಣೆಗೆ ಬೇಡ.

ಕೊಳಲು ಬೇಕೇ?

ಕೆಂಪು ದಾರ ಕಟ್ಟಿದ ಬಿದಿರಿನ ಕೊಳಲುಗಳನ್ನು ತೊಲೆಗೆ ಓರೆಯಾಗಿ ತೂಗುಹಾಕುವುದು, ಹರಳು ಇಳಿಬಿಡುವುದು ಇವೆಲ್ಲ ಜನಪ್ರಿಯವಾದದ್ದು ಲಿನ್ ಯುನ್ ಎಂಬವರ ಪಂಥದಿಂದ. ಅವರು 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ದೇವಾಲಯ ಸ್ಥಾಪಿಸಿದವರು. ಮನೆಯಲ್ಲೇ ಇರುವ ಕೊಳಲನ್ನು ಅಂದಕ್ಕೆ ತೂಗುಹಾಕಿದರೆ ನಷ್ಟವಿಲ್ಲ. ಮಂಚ ತಗ್ಗಿನಲ್ಲೇ ಬಿಟ್ಟು ಮೇಲೆ ಕೊಳಲು ಕಟ್ಟಿದರೆ ಮಗುವಿಗೆ ಆಗುವ ಲಾಭ ನನಗಂತೂ ಕಾಣುವುದಿಲ್ಲ. ಇನ್ನು ವಾಸ್ತು ಕೇಳುವವರಿಗೆ: ಅದರ ಚಿಂತೆ ಬೇರೆ, ಸೂರು ಯಾವ ದಿಕ್ಕಿಗೆ ಇಳಿಯಬೇಕು ಎಂಬುದು. ಮನೆ ಕಟ್ಟಿ ಆದಮೇಲೆ ಅದನ್ನು ಬದಲಿಸಲು ಯಾರಿಂದಲೂ ಆಗದು.

ನಿದ್ದೆ ಕೆಡಿಸುವ ದೊಡ್ಡ ಕಾರಣ ಸೆಕೆ. ಹಗಲೆಲ್ಲ ಕಾದ ಕಾಂಕ್ರೀಟು ಮಗು ಮಲಗುವ ಹೊತ್ತಿಗೂ ಶಾಖ ಬಿಡುತ್ತಲೇ ಇರುತ್ತದೆ, ಬಿಸಿ ಗಾಳಿ ಮೇಲಕ್ಕೇರಿ ಏಣಿನಡಿ ನಿಲ್ಲುತ್ತದೆ. ಎತ್ತರದ ಗೋಡೆಯ ತುದಿಯಲ್ಲಿ ಒಂದು ಗವಾಕ್ಷಿ ಅಥವಾ ಎಕ್ಸಾಸ್ಟ್ ಫ್ಯಾನ್ ಇಟ್ಟರೆ ಅದು ಹೊರಹೋಗುತ್ತದೆ. ‘ನಿಂತ ಚಿ ಹರಿಯಲಿ’ ಎಂದು ಅವರು ಹೇಳುವುದನ್ನು ನಾವು ಹೀಗೆ ಮಾಡಿಕೊಳ್ಳಬಹುದು.

ಒಂದರ ಮೇಲೊಂದು ಇರುವ ಬಂಕ್ ಮಂಚವನ್ನು ಮಾತ್ರ ಇಂಥ ಕೋಣೆಗೆ ತರಲೇಬೇಡಿ. ಮೇಲೆ ಮಲಗಿದವರಿಗೆ ಸೂರು ಒತ್ತಿಬರುತ್ತದೆ ಎಂದು ಫೆಂಗ್‌ಶುಯಿ ಅದನ್ನು ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಿನ ಅಪಾಯ ಫ್ಯಾನಿನದು. ಇಳಿಜಾರು ಸೂರಿಗೆ ರೆಕ್ಕೆ ತಾಗದಿರಲೆಂದು ಫ್ಯಾನನ್ನು ಉದ್ದ ರಾಡ್‌ಗೆ ಇಳಿಬಿಟ್ಟಿರುತ್ತಾರೆ. ಮೇಲಿನ ಮಂಚದಲ್ಲಿ ಎದ್ದು ನಿಂತ ಮಗುವಿನ ಕೈಗೆ ಅದು ಸಿಗುತ್ತದೆ. ಬಂಕ್ ಮಂಚ ಈಗಾಗಲೇ ಇದ್ದರೆ ಸೀಲಿಂಗ್ ಫ್ಯಾನ್ ತೆಗೆಸಿ, ಎದುರು ಗೋಡೆಗೆ ಜಾಲರಿಯಿರುವ ಗೋಡೆ ಫ್ಯಾನ್ ಹಾಕಿಸಿ. ಅದೂ ಈ ವಾರವೇ.