ನೆತ್ತಿಗೇರುವ ಹಾಲು

ಇಪ್ಪತ್ತು ದಿನದ ಕೂಸು ಮೊಲೆಗೆ ಬಾಯಿ ಹಾಕಿ ಎರಡು ನಿಮಿಷವಾಗಿಲ್ಲ. ಗಟಗಟ ನುಂಗುತ್ತದೆ, ಕೆಮ್ಮುತ್ತದೆ, ಬಾಯಿ ಕಿತ್ತುಕೊಂಡು ಕಿರುಚುತ್ತದೆ. ಹಾಲು ಪಿಚಕಾರಿಯಂತೆ ಚಿಮ್ಮಿ ಅದರ ಕೆನ್ನೆಗೆ ಬಡಿಯುತ್ತದೆ. 'ನೆತ್ತಿಗೆ ಹತ್ತಿತು' ಎಂದು ಅಜ್ಜಿ ತಲೆ ತಟ್ಟುತ್ತಾರೆ. 'ಹಾಲು ಸಾಲದೇನೋ' ಎಂಬ ಅನುಮಾನ ಬಾಣಂತಿಗೆ. ನಿಜದಲ್ಲಿ ಕೊರತೆ ಹಾಲಿನದಲ್ಲ. ಅದರ ರಭಸವೇ ಹೆಚ್ಚು.

ಹಸು ಕರೆದವರಿಗೆ ಹಾಲು ಇಳಿಯುವ ಬಗೆ ಗೊತ್ತು. ಕರು ಕೆಚ್ಚಲು ಗುದ್ದಿ ಚೀಪಿದರೆ ಹಸು ಸೊರೆ ಬಿಡುತ್ತದೆ, ಅಂದರೆ ಹಾಲು ಇಳಿಸುತ್ತದೆ. ಮನುಷ್ಯರಲ್ಲೂ ಹಾಗೆಯೇ. ಕೂಸು ಚೀಪಿದ ಸುದ್ದಿ ನರಗಳ ಮೂಲಕ ಮೆದುಳಿಗೆ ಮುಟ್ಟುತ್ತದೆ. ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಬಿಡುತ್ತದೆ. ಹಾಲಿನ ಪುಟ್ಟ ಚೀಲಗಳನ್ನು ಬಲೆಯಂತೆ ಸುತ್ತಿದ ಕೋಶಗಳು ಆಗ ಬಿಗಿದು ಹಾಲನ್ನು ಹಿಂಡುತ್ತವೆ. ಹಾರ್ಮೋನು ರಕ್ತದಲ್ಲಿ ಹರಿಯುವುದರಿಂದ ಕೂಸು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆಯೂ ರವಿಕೆ ಒದ್ದೆಯಾಗುತ್ತದೆ. ಕೆಲವರಿಗೆ ಮಗುವಿನ ಅಳು ಕೇಳಿದರೇ ಸಾಕು. ಬರೀ ಒಂಬತ್ತು ಅಮೈನೋ ಆಮ್ಲಗಳ ಆಕ್ಸಿಟೋಸಿನ್ ಅಣುವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋಗೆ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಹಾಲಿನ ಹಿಂಡುವಿಕೆ ಜೋರಾದಾಗ ಎಳೆಗಂಟಲು ಸೋಲುತ್ತದೆ. ಗಾಳಿಯನ್ನೂ ನುಂಗಿದ ಹೊಟ್ಟೆ ಉಬ್ಬರಿಸುತ್ತದೆ. ಕೂಸು ಹಾಲು ಕಕ್ಕಬಹುದು, ಹಸಿರು ನೊರೆಮಲವೂ ಆಗಬಹುದು.

ಮೊದಲ ಉಪಾಯ ಗುರುತ್ವಾಕರ್ಷಣೆ. ಮುಂದಕ್ಕೆ ಬಾಗಿ ಕುಡಿಸುವ ಬದಲು ತಾಯಿ ದಿಂಬಿಗೆ ಹಿಂದಕ್ಕೆ ಒರಗಿ, ಕೂಸನ್ನು ಎದೆಯ ಮೇಲೆ ಬೋರಲು ಹಾಕಿಕೊಂಡರೆ ಹಾಲು ಮೇಲಕ್ಕೆ ಏರಬೇಕು, ವೇಗ ತಗ್ಗುತ್ತದೆ. ಸೊರೆ ಬಂದ ಕೂಡಲೇ ಕೂಸನ್ನು ಬಿಡಿಸಿ, ಮೊದಲ ಚಿಮ್ಮನ್ನು ಬಟ್ಟೆಗೆ ಬಿಟ್ಟು, ಮತ್ತೆ ಬಾಯಿಗಿಡಬಹುದು. ನಡುನಡುವೆ ಎತ್ತಿ ತೇಗು ಬರಿಸಬೇಕು. ಪಂಪಿನಿಂದ ಪದೇಪದೇ ಬರಿದು ಮಾಡುವುದು ಮಾತ್ರ ತಿರುಗುಬಾಣ: ತೆಗೆದಷ್ಟೂ ದೇಹ ಇನ್ನಷ್ಟು ತಯಾರಿಸುತ್ತದೆ. ಕೆಲವು ಗಂಟೆ ಒಂದೇ ಕಡೆಯಿಂದ ಕುಡಿಸಿದರೆ ಉತ್ಪಾದನೆ ತಗ್ಗುವುದು ಹೌದು. ಆದರೆ ಹಾಲು ಕಟ್ಟಿ ಬಾವು ಬರುವ ಅಪಾಯವಿರುವುದರಿಂದ ತಜ್ಞರನ್ನು ಕೇಳದೆ ಮಾಡಬಾರದು. ಕೂಸಿನ ತೂಕ ಏರದಿದ್ದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಸಾಮಾನ್ಯವಾಗಿ ಎರಡು–ಮೂರು ತಿಂಗಳಿಗೆ ದೇಹ ಬೇಡಿಕೆಯ ಲೆಕ್ಕ ಕಲಿಯುತ್ತದೆ, ಕೂಸು ನುಂಗುವ ಲಯ ಕಲಿಯುತ್ತದೆ. ಆಮೇಲೆ ಅದೇ ರಭಸ ವರವೆನಿಸಬಹುದು: ಐದೇ ನಿಮಿಷದಲ್ಲಿ ಊಟ ಮುಗಿಸಿ ತೇಗುವ ಕೂಸು, ಬಿಸಿಯಾಗಿಯೇ ಸಿಗುವ ಅಮ್ಮನ ಕಾಫಿ.