ಕಿಟಕಿಯಾಚೆಯ ಎಮ್ಮೆ

ಪ್ರಶ್ನೆ: ಸ್ವಿಟ್ಜರ್ಲೆಂಡಿನ ರೈಲು ವಿಡಿಯೊಗಳಲ್ಲಿ ಹಸಿರು ಗುಡ್ಡದ ತುಂಬ ಹಸುಗಳು ಮೇಯುತ್ತಿರುತ್ತವೆ. ಸೊಲ್ಲಾಪುರ, ಅಕ್ಕಲಕೋಟ ಕಡೆಯೂ ಹೈನುಗಾರಿಕೆ ಇದೆಯಲ್ಲ, ಅಂಥ ನೋಟ ಯಾಕಿಲ್ಲ?

ಉತ್ತರ: ಆಲ್ಪ್ಸ್‌ನಲ್ಲಿ ಮಳೆ ಧಾರಾಳ, ಹುಲ್ಲು ತಾನಾಗಿ ಬೆಳೆಯುತ್ತದೆ. ಬೇಸಿಗೆಯಲ್ಲಿ ದನಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದು, ಚಳಿಗೆ ಮುನ್ನ ಕೆಳಗಿಳಿಸುತ್ತಾರೆ. ಸೊಲ್ಲಾಪುರ ಮಳೆನೆರಳಿನ ಸೀಮೆ; ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಎರೆಹೊಲದಲ್ಲಿ ಹಿಂಗಾರಿ ಜೋಳ: ತೆನೆ ನಮಗೆ, ಕಣಿಕೆ ದನಕ್ಕೆ. ಮೇವೇ ಮನೆಗೆ ಬರುವಾಗ ಎಮ್ಮೆ ಬಯಲು ಯಾಕೆ ಅಲೆಯಬೇಕು?

ಹಾಗಂತ ಕಿಟಕಿ ಮುಚ್ಚಬೇಡಿ. 1871ರಲ್ಲಿ ರಾಯಚೂರು ಮುಟ್ಟಿದ ಸೊಲ್ಲಾಪುರದ ರೈಲುಹಳಿಯಲ್ಲಿ ಹೋಟಗಿ ದಾಟಿ ಅಕ್ಕಲಕೋಟ ರೋಡ್, ದುಧನಿಯತ್ತ ಹೋಗುವಾಗ ಹೊಲದೊಳಗಿನ ಮನೆಗಳನ್ನು ನೋಡಿ. ಅಂಗಳದಲ್ಲಿ ಕಣಿಕೆಯ ಬಣವೆ, ಬೇವಿನ ನೆರಳಲ್ಲಿ ಕಟ್ಟಿದ ಎಮ್ಮೆ. ಅದರ ಕೋಡು ಭುಜ ದಾಟಿ ಕತ್ತಿಯಂತೆ ಹಿಂದಕ್ಕೆ ಚಾಚಿದ್ದರೆ ಅದು ಪಂಢರಪುರಿ, ಈ ಜಿಲ್ಲೆಯದೇ ತಳಿ. ಮುರ್ರಾ ತಳಿಯಷ್ಟು ಹಾಲು ಕೊಡದು. ಆದರೆ ಒಣಮೇವು, ಬಿಸಿಲು ಎರಡನ್ನೂ ತಾಳುತ್ತದೆ. ಕೊಲ್ಹಾಪುರದಲ್ಲಿ ಗವಳಿಗರು ಇದನ್ನು ಬೀದಿಗೇ ತಂದು, ಗಿರಾಕಿಯ ಕಣ್ಣೆದುರೇ ಹಿಂಡಿ ನೊರೆಹಾಲು ಕೊಡುತ್ತಾರೆ. ಸಂತೆಗದ್ದಲದಲ್ಲೂ ಸೊರೆಬಿಡುವ ಆ ಸಮಾಧಾನ ಎಲ್ಲ ಎಮ್ಮೆಗೂ ಬರುವುದಿಲ್ಲ. ನನ್ನ ಮಟ್ಟಿಗೆ ಇದು ಹಿಮಗುಡ್ಡಕ್ಕಿಂತ ದೊಡ್ಡ ಸೋಜಿಗ.

ನೋಡಲೇಬೇಕೆಂದರೆ ಪ್ಯಾಸೆಂಜರ್ ಗಾಡಿ ಹತ್ತಿ, ಅದೂ ಬೆಳಗಿನ ಹೊತ್ತು. ಎಮ್ಮೆಗೆ ಬೆವರುಗ್ರಂಥಿ ಕಡಿಮೆ. ಮಧ್ಯಾಹ್ನ ಹಳ್ಳದ ನೀರು ಸಿಕ್ಕರೆ ಅಲ್ಲೇ ಮುಳುಗಿಬಿಡುತ್ತದೆ, ನಿಮಗೆ ಕೋಡಷ್ಟೇ ಕಂಡೀತು.