ಬಾಡಿಗೆ ಕಟ್ಟೋಕಾಗ್ಲಿಲ್ಲ, ಮುಂದೇನು?

2020ರ ಲಾಕ್‌ಡೌನ್‌ನಲ್ಲಿ ನನ್ನ ಸಂಬಳ ನಿಂತಿತು. ಬೆಂಗಳೂರಿನ ಮನೆಗೆ ಎರಡು ತಿಂಗಳ ಬಾಡಿಗೆ ಬಾಕಿ. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, 'ಕಾರ್ಮಿಕರ ಹತ್ತಿರ ಒಂದು ತಿಂಗಳು ಬಾಡಿಗೆ ಕೇಳಬೇಡಿ. ಅವರನ್ನೂ ವಿದ್ಯಾರ್ಥಿಗಳನ್ನೂ ಮನೆ ಬಿಡಿಸಬೇಡಿ' ಅಂತ ಆದೇಶಿಸಿತ್ತು. ಆದ್ರೆ ಬಾಡಿಗೆ ಮನ್ನಾ ಅಂತ ಅದರಲ್ಲಿ ಇರ್ಲಿಲ್ಲ.

'ಅಡ್ವಾನ್ಸಲ್ಲಿ ಮುರ್ಕೊಳ್ಳಿ ಆಂಟಿ' ಅಂದೆ. 'ಆ ದುಡ್ಡು ಮಹಡಿ ಕಟ್ಟೋಕೆ ಖರ್ಚಾಗಿದೆ ಕಣಪ್ಪ. ನನ್ನ ಮಾತ್ರೆಗೂ ಈ ಬಾಡಿಗೇನೇ' ಅಂದ್ರು.

ಲೆಕ್ಕ ಆಗ ಅರ್ಥವಾಯ್ತು: ಅಡ್ವಾನ್ಸಲ್ಲಿ ಮುರಿದರೆ ನನ್ನ ಸಾಲ ತೀರುತ್ತೆ, ಓನರ್ ಕೈಗೆ ರೂಪಾಯಿ ಬರಲ್ಲ. ಕೊನೆಗೆ ಅರ್ಧ ನಗದು ಕೊಟ್ಟೆ, ಅರ್ಧ ಅಡ್ವಾನ್ಸಲ್ಲಿ ಕಳೆದರು. ವಾಟ್ಸಾಪ್‌ನಲ್ಲಿ ಬರೆದಿಟ್ವಿ.

ನಿಮಗೂ ಕಷ್ಟ ಬಂದ್ರೆ, ಬಾಡಿಗೆ ದಿನಕ್ಕೆ ಮೊದಲೇ ಫೋನ್ ಮಾಡಿ. ಒಪ್ಪಿದ್ದನ್ನ ಬರೆದಿಡಿ.